ಮೂರನೇ ಸ್ಟ್ಯಾಂಡಿನ ಹುಳ

ಜೂನ್ 3, ಮಂಗಳವಾರ. ಬೆಳಿಗ್ಗೆ 9.30

ಟೆಂಪರೇಚರ್ 27. ತೇವ 86. ಮೊಟ್ಟೆಗೆ ಮುಚ್ಚಿದ್ದ ಕಪ್ಪು ಬಟ್ಟೆ ತೆಗೆದದ್ದು ಆರಕ್ಕೆ. ಬೆಳಕು ಬಿದ್ದು ಅರ್ಧ ಗಂಟೆ ಆಗಿಲ್ಲ, ಒಂದೂವರೆ ಸಾವಿರ ಮೊಟ್ಟೆಯ ರೇಷ್ಮೆ ಹುಳವೂ ಎದ್ದವು. ಒಂದು ಚಿಟ್ಟೆ ಇಟ್ಟದ್ದಷ್ಟಕ್ಕೂ ನಮ್ಮಲ್ಲಿ ಒಂದು ಮೊಟ್ಟೆ ಅನ್ನುವುದು, ಅದರಲ್ಲಿ ನಾನೂರು ಐನೂರು ಹುಳ. ಇರುವೆಗಿಂತ ಸಣ್ಣ. ಎಳೆ ಸೊಪ್ಪು ಕತ್ತರಿಸಿ ಉದುರಿಸಿ, ಕೋಳಿ ಗರಿಯಲ್ಲಿ ಟ್ರೇಗೆ ಇಳಿಸಿ ಮುಗಿಸುವಾಗ ಎಂಟೂವರೆ. ಜೊತೆಗೆ ಕೆಲಸ ಮಾಡುವ ಅಖ್ತರಿಗೆ ಸೊಂಟ ನೋವು, ನನಗೆ ಕತ್ತು. ಹತ್ತು ಸ್ಟ್ಯಾಂಡೂ ತುಂಬಿವೆ. ಎಂಟು ದಿನದ ಎಳೆ ಸಾಕಣೆ, ಅದೇ ಚಾಕಿ, ಮುಗಿಸಿ ಎರಡನೇ ಜ್ವರ ದಾಟಿಸಿ ಹನ್ನೆರಡು ಮನೆಗೆ ಹಂಚಬೇಕು. ಅಲ್ಲಿಂದ ಮುಂದೆ ಗೂಡು ಕಟ್ಟಿಸುವುದು ರೈತರ ಪಾಡು.

ಹೊಸ ಬೋರ್ಡ್ ಬಂತು. ಇವರು ಬರೆಸಿದ್ದು. ‘ಅಕ್ಕೂರು ಚಾಕಿ ಹುಳು ಸಾಕಣೆ ಕೇಂದ್ರ. ಸಪ್ಲೈಯರ್: ಪ್ರತಿಮಾ ನಟರಾಜು.’ ಲೈಸೆನ್ಸ್ ನನ್ನ ಹೆಸರಿನಲ್ಲಿದೆ, ಅದಕ್ಕೆ. ನೋಡಿ ನಗು ಬಂತು. ಅಪ್ಪ ಮಾಗಡಿ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಮೂವತ್ತೊಂದು ವರ್ಷ ಸಪ್ಲೈಯರ್. ಅವರಿಗೆ ಯಾರೂ ಬೋರ್ಡ್ ಹಾಕಿಸಲಿಲ್ಲ. ಹೆಗಲ ಮೇಲೊಂದು ಟವೆಲ್ ಇತ್ತು.

ಈ ನೋಟ್‌ಬುಕ್ ಮಗಳು ಅಮೂಲ್ಯಳ ಹೋದ ವರ್ಷದ ವಿಜ್ಞಾನದ್ದು. ಹಿಂದೆ ಅರವತ್ತು ಪುಟ ಖಾಲಿ. ಹಾಳು ಮಾಡುವುದು ಯಾಕೆ.

ಜೂನ್ 4

ಭಾನುಪ್ರಿಯ ಬಂದಿದ್ದಳು. ಪಕ್ಕದ ಹಳ್ಳಿಯವಳು, ಇಪ್ಪತ್ತಾರೋ ಇಪ್ಪತ್ತೇಳೋ. ಗಂಡ ಚನ್ನಪಟ್ಟಣದಲ್ಲಿ ಬೊಂಬೆ ಕಾರ್ಖಾನೆಗೆ ಹೋಗುತ್ತಾನೆ. ಈ ಸಲ ನೂರು ಮೊಟ್ಟೆಯ ಹುಳ ಅವಳಿಗೆ. ಜೀವನದಲ್ಲೇ ಮೊದಲ ಬೆಳೆ.

ಅವರ ಮನೆಯಲ್ಲಿ ಹದಿನೈದು ವರ್ಷದ ಹಿಂದೆ ಒಂದರ ಹಿಂದೆ ಒಂದು ಎರಡು ಬೆಳೆ ಹೋಯಿತಂತೆ. ಅಂದಿನಿಂದ ಅವಳ ಅತ್ತೆಯದು ಒಂದೇ ಮಾತು, ಹುಳ ನಮ್ಮನೆಗೆ ಆಗಿಬರಲ್ಲ. ಇವಳು ಹಟ ಹಿಡಿದು ಮುಕ್ಕಾಲು ಎಕರೆಗೆ ಹಿಪ್ಪುನೇರಳೆ ಕಡ್ಡಿ ನೆಡಿಸಿದ್ದಾಳೆ. ಶೆಡ್ ಎಬ್ಬಿಸಿದ್ದಾಳೆ. ಅತ್ತೆ ಹೇಳಿದ್ದಾರಂತೆ: “ಒಂದ್ ಬೆಳೆ ನೋಡ್ತೀನಿ. ಕೆಟ್ರೆ ಮಾರ್ನೆ ದಿನ ಕಡ್ಡಿ ಕೀಳುಸ್ತೀನಿ.”

ಪ್ರಶ್ನೆ ಮೇಲೆ ಪ್ರಶ್ನೆ. “ಜ್ವರ ಅಂತಾರಲ್ಲ ಅಕ್ಕ, ಅದೇನು ಕಾಯ್ಲೆನಾ?” ಕಾಯಿಲೆ ಅಲ್ಲ, ಹುಳ ಪೊರೆ ಬಿಡುವ ಮೊದಲು ಒಂದು ದಿನ ಮೇವು ಬಿಟ್ಟು ತಲೆ ಎತ್ತಿ ಮಲಗುತ್ತದೆ, ಅದಕ್ಕೇ ಜ್ವರ ಅನ್ನುವುದು, ನಾಲ್ಕು ಸಲ ಬರುತ್ತದೆ ಅಂದೆ. ಎಲ್ಲಾ ಬರೆದುಕೊಂಡಳು. ಹೋಗುವಾಗ ಶೆಡ್ಡಿನ ಫೋಟೋ ತೋರಿಸಿದಳು. ಒಳಗೆ ಸುಣ್ಣ ಹೊಡೆದು ಬಾಗಿಲಿಗೆ ತೋರಣ ಕಟ್ಟಿದ್ದಾಳೆ. ಹುಳ ಇನ್ನೂ ನಮ್ಮಲ್ಲೇ ಇದೆ, ಅಲ್ಲಿ ತೋರಣ ಒಣಗುತ್ತಿದೆ.

ಜೂನ್ 5, ಸಂಜೆ

ಅಮೂಲ್ಯಳ ಇಂಗ್ಲಿಷ್ ಹೋಮ್‌ವರ್ಕ್. ಸಪ್ಲೈ ಅನ್ನುವ ಪದ ಹಾಕಿ ಐದು ವಾಕ್ಯ. ಮೊದಲನೆಯದು, ನನ್ನ ಅಮ್ಮ ಹುಳು ಸಪ್ಲೈ ಮಾಡುತ್ತಾಳೆ ಅಂತ. ಕ್ಲಾಸಿನಲ್ಲಿ ಎಲ್ಲರೂ ನಗುತ್ತಾರೆ, ರೇಷ್ಮೆ ಹುಳು ಅಂತ ಸೇರಿಸು ಅಂದೆ. ಮಿಕ್ಕ ನಾಲ್ಕಕ್ಕೆ ಇಬ್ಬರೂ ಕೂತು ಯೋಚಿಸಿದೆವು. ಕರೆಂಟ್ ಸಪ್ಲೈ. ನೀರು ಸಪ್ಲೈ. ಮದುವೆ ಮನೆಯಲ್ಲಿ ಪಂಕ್ತಿಗೆ ಬಡಿಸಲು ಬರುವ ಸಪ್ಲೈ ಹುಡುಗರು. ಆಮೇಲೆ ತಾತ. ನಮ್ಮ ಕಡೆ ಈ ಒಂದು ಪದಕ್ಕೆ ಎಷ್ಟು ಚಾಕರಿ.

“ಕೊಡೋದಕ್ಕೂ ಸಪ್ಲೈ ಮಾಡೋದಕ್ಕೂ ಏನಮ್ಮ ವ್ಯತ್ಯಾಸ?”

ನನಗೇನು ಗೊತ್ತು. ಬಾಯಿಗೆ ಬಂದದ್ದು ಹೇಳಿದೆ. “ಕೊಟ್ಟು ಮರ್ತುಬುಡಬೋದು. ಸಪ್ಲೈ ಮಾಡಿದ್ರೆ ನಾಳೆನೂ ಅವ್ರ ಮುಖ ನೋಡ್ಬೇಕು.” ಅದನ್ನು ಬರೆದುಕೊಳ್ಳಲಿಲ್ಲ. ಮಾರ್ಕ್ಸ್ ಸಿಗಲ್ಲವಂತೆ.

ಅಪ್ಪ ನೆನಪಾದರು. ಸಾಂಬಾರ್ ಬಕೆಟ್ ಎತ್ತುವ ಮೊದಲು ಒಳಗೇ ಮೂಸಿ ನೋಡುತ್ತಿದ್ದರು. ಹಳಸಲು ವಾಸನೆ ಬಂದರೆ ಹೊರಗೆ ತರುತ್ತಿರಲಿಲ್ಲ. ಮಾಲೀಕರು ಎಲ್ಲರ ಮುಂದೆ ಬೈದದ್ದನ್ನು ನಾನೇ ಕಂಡಿದ್ದೇನೆ. ಕೇಳಿದರೆ ಹೇಳುತ್ತಿದ್ದರು: “ಬೇಯ್ಸಿದೋನು ಒಳಗವ್ನೆ ಮಗಾ. ತಿನ್ನೋರು ನೋಡೋದು ನನ್ನ ಮುಖ.” ನಾಡಿದ್ದು ಅವರಿಗೆ ಎಡೆ ಇಡುವ ದಿನ. ಮಾಗಡಿಗೆ ಹೋಗಬೇಕು.

ಜೂನ್ 6

ಬೆಳಿಗ್ಗೆಯಿಂದ ಮೊದಲ ಜ್ವರಕ್ಕೆ ಹೋದವು. ಒಂದೇ ಸಮ. ಸುಣ್ಣ ಉದುರಿಸಿ ಬಾಗಿಲು ಹಾಕಿದೆ. ನಾಳೆ ಮಧ್ಯಾಹ್ನ ಎರಡರ ಹೊತ್ತಿಗೆ ಏಳಬಹುದು.

ಲೆಕ್ಕಾಚಾರ ಹೀಗೆ. ನಾಳೆ ಬಕ್ರೀದ್, ಅಖ್ತರಿ ರಜೆ. ಇವರು ಟ್ರೇ ತರಲು ಕನಕಪುರಕ್ಕೆ. ನಾನೂ ಅಮೂಲ್ಯಳೂ ಮಾಗಡಿಗೆ ಬೆಳಿಗ್ಗೆ ಮೊದಲ ಬಸ್, ಅಣ್ಣ ಮನೋಹರನ ಮನೆಯಲ್ಲಿ ಎಡೆ ಮುಗಿಸಿ ಒಂದೂವರೆಗೆ ವಾಪಸ್. ಜ್ವರದಲ್ಲಿರುವಾಗ ಹುಳಕ್ಕೆ ನಮ್ಮ ಕೆಲಸ ಇಲ್ಲ. ಮನೆಯಲ್ಲಿ ಅತ್ತೆ ಇರುತ್ತಾರೆ.

ಅತ್ತೆಗೆ ಒಂದೇ ನಿಯಮ. ಹುಳದ ಮನೆ ಹೊಸ್ತಿಲು ದಾಟುವ ಹಾಗಿಲ್ಲ. ಬಾಯಿಗೆ ಹಾಕುವ ಕಡ್ಡಿಪುಡಿ ಸೊಂಟದ ಎಲೆಅಡಿಕೆ ಚೀಲದಲ್ಲೇ ಇರುತ್ತದೆ, ಅರವತ್ತು ವರ್ಷದ ಅಭ್ಯಾಸ. ಹೊಗೆಸೊಪ್ಪಿನ ವಾಸನೆ ತಾಗಿದರೂ ಹುಳ ಉಳಿಯುವುದಿಲ್ಲ. ನಮ್ಮವ್ವ, ಬೋರಮ್ಮನಂಥ ಬೋರಮ್ಮ, ಈ ಒಂದು ಬಾಗಿಲಿಗೆ ಮಾತ್ರ ಹೆದರುವುದು ಅಂತ ಇವರು ರೇಗಿಸುತ್ತಾರೆ.

ಜೂನ್ 7, ಶನಿವಾರ. ಸಂಜೆ 7

ವಾಪಸ್ ಬರುವಾಗ, ರಾಮನಗರಕ್ಕೆ ಇನ್ನೂ ಆರು ಕಿಲೋಮೀಟರ್ ಇರುವಾಗ ಬಸ್ ಕೆಟ್ಟಿತು. ಇನ್ನೊಂದು ಬರುವಾಗ ಎರಡೂವರೆ. ಮನೆ ಮುಟ್ಟಿದ್ದು ನಾಲ್ಕೂಮುಕ್ಕಾಲು.

ಬಂದು ನೋಡಿದರೆ ಅತ್ತೆ ಹುಳದ ಮನೆ ಬಾಗಿಲಲ್ಲಿ ಕೂತಿದ್ದಾರೆ. ಕೈಯಲ್ಲಿ ಸೊಪ್ಪಿನ ಕುಕ್ಕೆ.

“ಕರೆಂಟ್ ಹೋಯ್ತು ಕಣವ್ವ. ಒಳಗೆ ಕಾವು ಏರ್ಬುಡ್ತು. ಹನ್ನೆರಡಕ್ಕೇ ಎದ್ಬುಟ್ಟವೆ. ಕಿಟಕೀಲಿ ನೋಡ್ದೆ, ಬಾಯಾಡುಸ್ತಿದ್ವು. ನಿನ್ ಫೋನ್ ಸಿಕ್ಕಿಲ್ಲ. ಹಸ್ಕೊಂಡ್ ಸಾಯ್ತವಲ್ಲ ಅಂತ ಹಾಕ್ದೆ.”

“ಎಷ್ಟು ಅತ್ತೆ?”

“ಬಾಗ್ಲತ್ರದ್ದು ಒಂದೇಯ, ಆ ಮೂರ್ನೇದು. ಅಷ್ಟೊತ್ಗೆ ಬೆನ್ನು ಹಿಡ್ಕೊಂತು. ಸೋಪ್ ಹಾಕಿ ಮೂರ್ ಸಲ ಕೈ ತೊಳ್ಕೊಂಡೇ ಹೋಗಿದ್ದು. ಸುಮ್ಸುಮ್ನೆ ಹೆದರ್ಕೋಬ್ಯಾಡ.”

ಒಳಗೆ ಓಡಿದೆ. ಮೂರನೇ ಸ್ಟ್ಯಾಂಡಿನವು ಚೆನ್ನಾಗಿಯೇ ತಿನ್ನುತ್ತಿದ್ದವು. ಮಿಕ್ಕ ಒಂಬತ್ತಕ್ಕೆ ಸೊಪ್ಪು ಹಾಕಿ ಮುಗಿಸಿದೆ. ಹಸಿದಿದ್ದವು, ಆದರೆ ಬದುಕಿವೆ. ಒಳ್ಳೇದಾಯ್ತು ಅತ್ತೆ ಅಂದೆ. ಅವರ ಮುಖ ಅರಳಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಹೊಸ್ತಿಲು ದಾಟಿದ್ದು.

ಜೂನ್ 8, ಭಾನುವಾರ. ಬೆಳಿಗ್ಗೆ 6.40

ಮೂರನೇ ಸ್ಟ್ಯಾಂಡ್. ಮೇಲಿನ ಟ್ರೇಗಳಲ್ಲಿ ಹುಳ ತಲೆ ಎತ್ತಿ ಅತ್ತಿತ್ತ ಆಡಿಸುತ್ತಿವೆ. ಬಾಯಲ್ಲಿ ಹಸಿರು ನೀರು. ಎಷ್ಟೋ ಸತ್ತು ಮುರುಟಿವೆ.

ಒಂದು ಟ್ರೇನಲ್ಲಿ ಸೊಪ್ಪಿನ ಚೂರಿನ ನಡುವೆ ಕಂದು ಎಳೆ. ಸೊಪ್ಪಿನ ನರ ಅಂದುಕೊಂಡೆ. ಮೂಸಿದೆ. ಕಡ್ಡಿಪುಡಿ. ಕೈ ತೊಳೆದಿದ್ದರು, ಸುಳ್ಳಲ್ಲ. ಬಗ್ಗಿದಾಗ ಸೊಂಟದಿಂದ ಉದುರಿರಬೇಕು. ಇಲ್ಲವೇ ಸೆರಗಿನಲ್ಲಿ ಕೈ ಒರೆಸಿಕೊಂಡಿರಬೇಕು.

ಅತ್ತೆಗೆ ಹೇಳಲಿಲ್ಲ. ಕಾಫಿ ಕೊಡುವಾಗ, “ನೆನ್ನೆ ನಾ ಹಾಕಿದ್ವು ಹೆಂಗವೆ?” ಅಂದರು. ಚೆನ್ನಾಗಿವೆ ಅಂದೆ. ಇನ್ನೇನು ಹೇಳಲಿ. ರಾತ್ರಿ ಊಟದಲ್ಲಿ ಎರಡು ಮುದ್ದೆ ಜಾಸ್ತಿ ಉಂಡರಲ್ಲ, ಆ ಸಂತೋಷಕ್ಕೆ.

ಜೂನ್ 9

ಸತ್ತವನ್ನು ತೆಗೆದು ಹೂತೆವು. ನೂರೈವತ್ತು ಮೊಟ್ಟೆಯಲ್ಲಿ ಸುಮಾರು ನೂರರ ಹುಳ ಉಳಿದಿದೆ. ಹಾಸಿಗೆ ಪೂರ್ತಿ ಬದಲಿಸಿದೆವು. ಈಗ ತಿನ್ನುತ್ತಿವೆ. ನೋಡಲು ಬೇರೆ ಸ್ಟ್ಯಾಂಡಿನವುಗಳಿಗೂ ಇವಕ್ಕೂ ವ್ಯತ್ಯಾಸ ಇಲ್ಲ. ಅಖ್ತರಿ ಮಾತ್ರ ಕೈಗೆತ್ತಿಕೊಂಡು ಸುಮಾರು ಹೊತ್ತು ನೋಡಿ, “ಇವು ಒಸಿ ಸೋಂಬೇರಿ ಅಕ್ಕ” ಅಂದಳು.

ನಂಜುಂಡಯ್ಯನವರಿಗೆ ಫೋನ್ ಮಾಡಿದೆ. ನನಗೆ ಈ ಕೆಲಸ ಕಲಿಸಿದವರು, ರಿಟೈರ್ ಆಗಿ ಸೋಲೂರಿನಲ್ಲಿದ್ದಾರೆ. ಎಲ್ಲಾ ಕೇಳಿಸಿಕೊಂಡರು.

“ಬದುಕಿದ್ದು ಬೆಳೀತವಮ್ಮ. ಮೈತುಂಬ ರೇಷ್ಮೆ ತುಂಬ್ಕೊಂಡು ಹಣ್ಣೂ ಆಯ್ತವೆ. ಗೂಡು ಕಟ್ತವೋ ಇಲ್ವೋ ನಾ ಹೇಳಕಾಗಲ್ಲ. ಕೆಲವು ಸಲ ಕಟ್ತವೆ. ನನ್ ಕೇಳಿದ್ರೆ ಕೊಡ್ಬ್ಯಾಡ.”

ಕೊಡದಿದ್ದರೆ ಒಬ್ಬ ರೈತನಿಗೆ ಈ ಸಲ ಹುಳ ಇಲ್ಲ. ಸೊಪ್ಪು ಬಲಿತು ನಿಂತಿದೆ, ಕಾಯುವುದಿಲ್ಲ. ಈಗ ಬೇರೆ ಕಡೆ ಕೇಳಿದರೆ ಹುಳ ಸಿಗುವುದಿಲ್ಲ. ಯಾರಿಗೆ ಇಲ್ಲ ಅನ್ನಲಿ.

ಜೂನ್ 10, ಮಧ್ಯಾಹ್ನ

ಎರಡನೇ ಜ್ವರದಲ್ಲಿವೆ. ಮನೆ ಸದ್ದಿಲ್ಲ.

ಕಡ್ಡಿಪುಡಿ ವಿಷಯ ಇವರ ಹತ್ತಿರ ಹೇಳಿದೆ. ಅವರು ಟ್ರೇ ಒರೆಸುತ್ತಾ ಕೂತಿದ್ದವರು ತಲೆ ಎತ್ತಲಿಲ್ಲ.

“ಹನ್ನೆರಡು ಜನಕ್ಕೂ ಒಸೊಸಿ ಸೇರುಸ್ಬುಟ್ರೆ?”

“ಹನ್ನೆರಡು ಮನೇಲೂ ಒಸೊಸಿ ಕೆಡ್ತದೆ. ಸಿದ್ದಯ್ಯನಂಥ ಹಳೇ ರೈತ್ರಿಗೆ ಒಂದು ಟ್ರೇ ನೋಡಿದ್ರೆ ಸಾಕು.”

ಇನ್ನೊಂದು ಟ್ರೇ ಎತ್ತಿಕೊಂಡರು. ಆಮೇಲೆ ಮೆಲ್ಲಗೆ:

“ಆ ಹೊಸ ಹುಡ್ಗಿಗೆ ನೂರಲ್ವ ಬೇಕಿರೋದು. ಉಳ್ದಿರೋದೂ ನೂರು. ಕಟ್ಟಿದ್ರೆ ಕಟ್ಲಿ. ಕೆಟ್ರೂ ಹೊಸಬರು ಅಂತ ಹೋಯ್ತದೆ. ಯಾರೂ ನಮ್ಮನ್ನ ಕೇಳಲ್ಲ. ಅವ್ವನ ಹೆಸ್ರು ಊರ್ ಬಾಯಿಗೆ ಬೀಳೋದ್ ಬ್ಯಾಡ ಪ್ರತಿಮಾ.”

ಇವರು ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳ ಆಡಬಹುದಿತ್ತು. ನಾನು ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ಹೋಗಿ ಪಾತ್ರೆ ತೊಳೆದೆ.

ಜೂನ್ 11, ಬುಧವಾರ. ಬೆಳಿಗ್ಗೆ 11

ಸಪ್ಲೈ ಆಯಿತು.

ಹನ್ನೊಂದು ಮನೆಯವರು ಆರಕ್ಕೇ ಬಂದು ಹೋದರು. ಸಿದ್ದಯ್ಯ ಯಾವಾಗಿನ ಹಾಗೆ ಟ್ರೇಗೆ ಮುಖ ಬಗ್ಗಿಸಿ ಉಸಿರಾಡಿ, “ಚೆನ್ನಾಗವೆ” ಅಂದು ಹೊತ್ತುಕೊಂಡು ನಡೆದರು. ಕೊನೆಗೆ ಭಾನುಪ್ರಿಯ. ಆಟೋ ಮಾಡಿಕೊಂಡು, ತಲೆಗೆ ನೀರು ಹಾಕಿಕೊಂಡು, ಅರಿಶಿನ ಕುಂಕುಮ ಊದುಕಡ್ಡಿ ತಂದಿದ್ದಳು. ಮೂರನೇ ಸ್ಟ್ಯಾಂಡಿನ ಟ್ರೇಗಳನ್ನು ಇವರು ಮೊದಲೇ ಹೊರಗೆ ಜೋಡಿಸಿ ಗದ್ದೆ ಕಡೆ ಹೋಗಿದ್ದರು.

ಅವಳು ಟ್ರೇಗೆ ಕುಂಕುಮ ಇಟ್ಟು ಆಟೋ ಹತ್ತಿರ ನಿಂತಳು. “ಅಕ್ಕ, ನೀವೇ ಎತ್ಕೊಡಿ. ನಿಮ್ ಕೈಗುಣ ಚೆನ್ನಾಗೈತೆ ಅಂತ ಸುತ್ತೇಳು ಹಳ್ಳೀಲಿ ಹೇಳ್ತಾರೆ.”

ಸೆರಗು ಒಡ್ಡಿ ಹಿಡಿದಳು, ಮಡಿಲು ತುಂಬಿಸಿಕೊಳ್ಳುವವರ ಹಾಗೆ. ಮೊದಲ ಟ್ರೇ ಹಾಗೇ ತೆಗೆದುಕೊಳ್ಳುವುದು ನಮ್ಮ ಕಡೆ ರೂಢಿ. ಈಗ ಯಾರೂ ಮಾಡುವುದಿಲ್ಲ. ಯಾರೋ ಅಜ್ಜಿ ಹೇಳಿಕೊಟ್ಟಿರಬೇಕು.

ಎತ್ತಿ ಕೊಟ್ಟೆ.

ಆಮೇಲೆ ಕೈ ಮೂರು ಸಲ ತೊಳೆದೆ. ಅತ್ತೆ ತೊಳೆದಷ್ಟೇ ಸಲ. ಅನ್ನಕ್ಕಿಡಬೇಕು.

ಜೂನ್ 15

ಭಾನು ಫೋನ್, ದಿನಕ್ಕೆ ಎರಡು ಸಲ. ಇವತ್ತು ಮೂರನೇ ಜ್ವರ. “ಎಲ್ಲಾ ಒಟ್ಗೆ ಮಲಗ್ಲಿಲ್ಲ ಅಕ್ಕ. ಅರ್ಧ ಮಲಗವೆ, ಅರ್ಧ ತಿಂತಾನೇ ಅವೆ. ನಾನೇನಾದ್ರೂ ಸೊಪ್ಪು ದಪ್ಪ ಹೆಚ್ಬುಟ್ನಾ?”

ಇಲ್ಲ, ಕಾಯಿ, ಎಲ್ಲಾ ಮಲಗಲಿ ಅಂದೆ. ದನಿ ಯಾಕೆ ಹಂಗೈತೆ, ನೆಗಡಿನಾ ಅಕ್ಕ, ಬಿಸಿನೀರು ಕುಡೀರಿ ಅಂದಳು.

ಜೂನ್ 20

ನಾಲ್ಕನೇ ಜ್ವರದಿಂದ ಎದ್ದವಂತೆ. ದಪ್ಪ ಆಗಿವೆಯಂತೆ. ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದ್ದಳು. ಮಳೆ ಬಂದ ಹಾಗೆ ಸದ್ದು, ಹುಳ ಸೊಪ್ಪು ತಿನ್ನುವುದು. ಅವಳ ಅತ್ತೆಯೂ ಹಿಂದೆ ನಿಂತು ನೋಡುತ್ತಿದ್ದಾರೆ.

ಕಟ್ಟುತ್ತವೆ ಅನ್ನಿಸುತ್ತಿದೆ. ಕೆಲವು ಸಲ ಕಟ್ಟುತ್ತವೆ ಅಂದಿದ್ದರಲ್ಲ ನಂಜುಂಡಯ್ಯ. ಇವರಿಗೆ ವಿಡಿಯೋ ತೋರಿಸಿದೆ. ಹತ್ತು ದಿನದಲ್ಲಿ ಮೊದಲ ಸಲ ಇಬ್ಬರೂ ಕೂತು ಕಾಫಿ ಕುಡಿದೆವು.

ಜೂನ್ 28, ಶನಿವಾರ. ಬೆಳಿಗ್ಗೆ 8

“ಅಕ್ಕ, ಗೂಡು ಕಟ್ತಿಲ್ಲ. ಹಣ್ಣಾಗವೆ, ಗೂಡು ಕಟ್ಟೋ ಚಂದ್ರಿಕೆಗೆ ಬುಟ್ಟಿದ್ದೀನಿ. ಸುಮ್ನೆ ಓಡಾಡ್ತವೆ. ಕೆಳಗೆ ಬೀಳ್ತವೆ. ಬನ್ನಿ ಅಕ್ಕ, ಒಂದ್ಸಲ ಬನ್ನಿ.”

ನಾಳೆ ಬತ್ತೀನಿ ಅಂದೆ. ಇವತ್ತೇ ಹೋಗಬಹುದಿತ್ತು.

ಜೂನ್ 29

ಹೋಗಿ ಬಂದೆ.

ತೋರಣ ಒಣಗಿ ಹಾಗೇ ತೂಗುತ್ತಿದೆ. ಶೆಡ್ಡು ಅಷ್ಟು ಚೊಕ್ಕಟ, ನಮ್ಮ ಕೇಂದ್ರವೇ ಅಷ್ಟಿಲ್ಲ. ಬಿದಿರ ಚಂದ್ರಿಕೆಯಲ್ಲಿ ಮೂರರಲ್ಲಿ ಒಂದು ಪಾಲು ಗೂಡು. ಮಿಕ್ಕ ಹುಳ ಮೈಯೆಲ್ಲ ಪಾರದರ್ಶಕವಾಗಿ ಹಣ್ಣಾಗಿ, ಕಟ್ಟಲು ತಿಳಿಯದೆ ಬಿದಿರ ಅಂಚಿನಲ್ಲಿ ಹೋಗಿ ಬರುತ್ತಿವೆ. ಹೊಟ್ಟೆ ತುಂಬ ರೇಷ್ಮೆ ಇದೆ.

ಅವಳ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಬೈಯಲಿಲ್ಲ. “ನಾ ಹೇಳಿದ್ದೆ ಕಣವ್ವ. ಇವಳ ಕೈಗೂ ಆಗಿಬರಲ್ಲ” ಅಂತ ನನಗೆ ಮಜ್ಜಿಗೆ ತಂದುಕೊಟ್ಟರು.

ಭಾನು ಪುಸ್ತಕ ತೆಗೆದಳು. ದಿನದಿನದ ಮೇವು, ಹೊತ್ತು, ಟೆಂಪರೇಚರ್, ಎಲ್ಲಾ ಬರೆದಿದ್ದಾಳೆ. ಒಂದೊಂದು ಸಾಲಿಗೂ ಬೆರಳಿಟ್ಟು, “ಇಲ್ಲೇನಾದ್ರೂ ತಪ್ಪಾಯ್ತಾ? ಇಲ್ಲಿ? ಇಲ್ಲಿ?” ಎಲ್ಲೂ ತಪ್ಪಿಲ್ಲ. ಹದಿನೆಂಟು ದಿನ, ಒಂದು ಹೊತ್ತಿನ ಮೇವು ತಪ್ಪಿಲ್ಲ.

“ಏನ್ ತಪ್ಪು ಮಾಡ್ದೆ ಅಕ್ಕ ನಾನು?”

ಹವಾ ಸರಿ ಇರಲಿಲ್ಲ ಈ ಸಲ, ಅಂದೆ.

ಮಜ್ಜಿಗೆ ಪೂರ್ತಿ ಕುಡಿದು ಲೋಟ ಕೆಳಗಿಟ್ಟು ಬಂದೆ. ನಾಚಿಕೆಯಾಗಬೇಕು ನನಗೆ. ಆಗಿದೆ.

ಜುಲೈ 1

ಜಗಳ. ಊಟದ ಹೊತ್ತಿನಲ್ಲಿ.

ಅವಳಿಗೆ ಹೇಳುತ್ತೇನೆ ಅಂದೆ. ಏನಂತ, ಅಂದರು ಇವರು. ಹುಳ ನಮ್ಮಲ್ಲೇ ಕೆಟ್ಟದ್ದು ಅಂತ. ಹೇಳಿದರೆ ನಾಳೆಯಿಂದ ಯಾರು ಬರುತ್ತಾರೆ ನಮ್ಮ ಹತ್ತಿರ, ಅಂದರು. ಬಾರದಿದ್ದರೆ ಬೇಡ, ಅಂದೆ. ಮಾತು ಬೆಳೆಯಿತು. ಇವರಿಗೆ ಸಿಟ್ಟು ಬಂದರೆ ದನಿ ಏರುತ್ತದೆ.

“ಹೋಗು, ಊರೆಲ್ಲಾ ಸಾರ್ಕೊಂಬಾ. ನಮ್ಮವ್ವನ ಕಡ್ಡಿಪುಡಿಯಿಂದ ಒಂದು ಮನೆ ಬೆಳೆ ಹೋಯ್ತು ಅಂತ.”

ಅತ್ತೆ ಪಡಸಾಲೆಯಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದರು. ಕಾಯಿ ಮುರಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು ಸದ್ದು.

ಸಂಜೆ ಒಲೆ ಹಚ್ಚುವಾಗ ಕಂಡೆ. ಒಲೆಯ ಬೂದಿಯಲ್ಲಿ ಅತ್ತೆಯ ಎಲೆಅಡಿಕೆ ಚೀಲ, ಅರ್ಧ ಸುಟ್ಟದ್ದು.

ಜುಲೈ 2

ಸಿದ್ದಯ್ಯ ಬಂದಿದ್ದರು. ಬೆಳಿಗ್ಗೆ ರಾಮನಗರ ಮಾರ್ಕೆಟ್‌ನಿಂದ ನೇರ ಇಲ್ಲಿಗೆ, ಕೈಯಲ್ಲಿ ಮೈಸೂರುಪಾಕ್ ಪೊಟ್ಟಣ. ಅವರ ಗೂಡು ಬುಟ್ಟಿಗೆ ಸುರಿದ ಕೂಡಲೇ ನೂಲು ತೆಗೆಯುವ ರೀಲರ್‌ಗಳು ಮುತ್ತಿಕೊಂಡರಂತೆ. “ಗಟ್ಟಿ ಗೂಡು ಕಣಮ್ಮ. ನಜೀರ್ ಸಾಬ್ರು ಕಿವಿ ಹತ್ರ ಅಲ್ಲಾಡ್ಸಿ ನೋಡಿ, ಎಲ್ಲೀ ಚಾಕಿ ಅಂದ್ರು. ನಮ್ಮ ಅಕ್ಕೂರು ಪ್ರತಿಮಮ್ಮನ ಸಪ್ಲೈ ಅಂದೆ.”

ಹೋಗುವಾಗ ಹೇಳಿದರು, ಆ ಹೊಸ ಹುಡುಗಿದು ಕೆಡ್ತಂತಲ್ಲ, ಪಾಪ, ಕೈಗುಣ ಇರ್ಬೇಕು ಇದಕ್ಕೆಲ್ಲ.

ಅತ್ತೆ ಅಲ್ಲೇ ಇದ್ದರು. ಅವರ ಬಾಯಿ ಖಾಲಿ ಆಡುತ್ತಿತ್ತು. ನಿನ್ನೆಯಿಂದ ಕಡ್ಡಿಪುಡಿ ಇಲ್ಲ. ಊಟ ಸೇರುತ್ತಿಲ್ಲ. ಸಿದ್ದಯ್ಯ ಹೋದ ಮೇಲೆ ಕೇಳಿದರು.

“ಯಾವ ಹುಡ್ಗಿ? ಕುಂಕುಮ ತಂದಿದ್ಳಲ್ಲ, ಅವಳಾ?”

ಹೂಂ ಅಂದೆ.

“ಅವ್ಳ ಮನೆಗೆ ಕರ್ಕೊಂಡೋಗು.”

“ನೀವ್ಯಾಕೆ ಅತ್ತೆ. ನಿಮಗೆ ಗೊತ್ತಿರಲಿಲ್ಲ.”

“ಅವ್ಳ ಕೈ ಕೈ ಅಂತಾವ್ರೆ ಜನ. ಅವ್ಳ ಕೈ ಅಲ್ಲ ಕಣವ್ವ. ನನ್ ಕೈ. ಅಷ್ಟು ಹೇಳ್ಬೇಕು ನಾನು. ಹೇಳ್ದೆ ನಂಗೆ ಅನ್ನ ಇಳಿಯಾಕಿಲ್ಲ.”

ಅತ್ತೆಗೆ ಎಪ್ಪತ್ತೆರಡು. ಹಸಿದ ಹುಳ ಕಂಡು ಮರುಗಿ ಸೊಪ್ಪು ಹಾಕಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ. ನಾನು ಎಲ್ಲಾ ತಿಳಿದು ಎತ್ತಿ ಕೊಟ್ಟವಳು. ಆದರೂ ಹೋಗುತ್ತೇನೆ ಅಂದದ್ದು ಅವರು.

ಈ ಸಲ ಸಾಂಬಾರ್ ಮೂಸಿ ನೋಡಿ ಆದ ಮೇಲೂ ಬಕೆಟ್ ಹೊರಗೆ ತಂದವಳು ನಾನು. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರೋ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು.

ಜುಲೈ 3, ಸಂಜೆ 5

ಭಾನು ಫೋನ್. ಮೊದಲ ಸಲ ಏನನ್ನೂ ಕೇಳಲಿಲ್ಲ. ಬರೀ ತಿಳಿಸಿದಳು.

“ನಾಳೆ ಎಂಟಕ್ಕೆ ಟ್ರ್ಯಾಕ್ಟರ್ ಬತ್ತದೆ ಅಕ್ಕ. ಕಡ್ಡಿ ಕೀಳುಸ್ತಾವ್ರೆ. ನಾನೂ ಸರಿ ಅಂದ್ಬುಟ್ಟೆ. ನನ್ ಕೈಲಿ ಇಲ್ಲ ಅದು. ನಿಮ್ಗೆ ಸುಮ್ನೆ ತೊಂದ್ರೆ ಕೊಟ್ಟೆ ಇಷ್ಟು ದಿನ.”

ತೊಂದರೆ ಕೊಟ್ಟಳಂತೆ. ಅವಳು.

ಫೋನಿನಲ್ಲೇ ಹೇಳಬಹುದಿತ್ತು. ಬಾಯಿವರೆಗೂ ಬಂತು. ಆದರೆ ಟ್ರೇ ಕೈಗೆ ಕೊಟ್ಟದ್ದು ಎದುರಿಗೆ ನಿಂತು, ಇದನ್ನೂ ಎದುರಿಗೇ ಕೊಡಬೇಕು. ನಾಳೆ ಏಳಕ್ಕೆ ನಿನ್ನ ಮನೆಗೆ ಬತ್ತೀನಿ, ಟ್ರ್ಯಾಕ್ಟರ್ ಬಂದರೂ ನಾನು ಬರೋವರೆಗೆ ಹೊಲಕ್ಕೆ ಇಳಿಸಬೇಡ ಅಂದೆ. ಯಾಕಕ್ಕ ಅಂದಳು. ಬತ್ತೀನಿ ಇರು ಅಂದೆ.

ಇವರಿಗೆ ಹೇಳಿದೆ. ಕೇಳಿ ಅಲ್ಲ, ಹೇಳಿದೆ. ಅತ್ತೆಯೂ ಬರುತ್ತಾರೆ ಅಂದೆ. ಇವರು ತುಂಬ ಹೊತ್ತು ಹೊಸ ಬೋರ್ಡನ್ನು ನೋಡುತ್ತಾ ನಿಂತಿದ್ದರು. ಆಮೇಲೆ, ಮುಂದಿನ ಬ್ಯಾಚಿಗೆ ಎಷ್ಟು ಜನ ಹೆಸರು ಕೊಟ್ಟವ್ರೆ ಅಂದರು. ಹದಿನಾಲ್ಕು ಅಂದೆ. ನಾಳಿದ್ದು ಎಷ್ಟು ಉಳೀತಾರೋ ನೋಡೋಣ ಅಂತ ಎದ್ದು ಹೋದರು.

ಜುಲೈ 4, ಶುಕ್ರವಾರ. ಬೆಳಿಗ್ಗೆ 6.25

ಟೆಂಪರೇಚರ್ 26. ತೇವ 88. ಕಪ್ಪು ಬಟ್ಟೆ ತೆಗೆದಾಯಿತು. ಹೊಸ ಬ್ಯಾಚ್ ಏಳುತ್ತಿದೆ. ಟ್ರೇಗೆ ಇಳಿಸುವ ಕೆಲಸವನ್ನು ಮೊದಲ ಸಲ ಅಖ್ತರಿಗೆ ಬಿಟ್ಟಿದ್ದೇನೆ. ಒಂದನೇ ಸ್ಟ್ಯಾಂಡ್ ಭಾನುವಿಗೆ ಅಂತ ಚೀಟಿ ಅಂಟಿಸಿದೆ. ಕಡ್ಡಿ ಕೀಳದೆ ಉಳಿದರೆ ಮುಂದಿನ ವಾರ ಸಪ್ಲೈ.

ಇವರು ಗಾಡಿ ತಿರುಗಿಸುತ್ತಿದ್ದಾರೆ. ಒಂದು ಮಾತೂ ಆಡಿಲ್ಲ, ಆದರೆ ನನಗಿಂತ ಮೊದಲು ಎದ್ದು ಗಾಡಿ ತೊಳೆದಿದ್ದಾರೆ. ಅತ್ತೆ ಗೇಟಿನ ಹತ್ತಿರ ಆಗಲೇ ನಿಂತಿದ್ದಾರೆ, ಒಗೆದ ಸೀರೆ, ಸೊಂಟ ಖಾಲಿ. ಅಲ್ಲಿ ಇಳಿದ ಕೂಡಲೇ ಅವರೇ ಮೊದಲು ಬಾಯಿ ತೆರೆದಾರು. ಹಾಗಾಗಬಾರದು. ಮೊದಲು ನಾನು ಹೇಳಬೇಕು.

ಎದುರಿಗೆ ನಿಂತರೆ ನನಗೆ ಮಾತು ಹಿಂದಕ್ಕೆ ಹೋಗುತ್ತದೆ. ಬರೆದುಕೊಂಡು ಹೋಗುತ್ತೇನೆ.

ಭಾನು, ಹುಳದಲ್ಲಿ ಒಸಿ ತೊಂದರೆ ಇತ್ತು.

ಬೇಡ. ಇದು ಹವಾ ಅಂದ ಹಾಗೆಯೇ.

ಭಾನು, ನಮ್ಮ ಅತ್ತೆ ಗೊತ್ತಿಲ್ಲದೆ ಒಂದು ದಿನ

ಇದೂ ಬೇಡ. ಅತ್ತೆ ಒಳಗೆ ಬೇಯಿಸಿದವರು, ಬಡಿಸಿದವಳು ನಾನು.

ಇವರು ಹಾರ್ನ್ ಹೊಡೆದರು.

ಭಾನು, ನಿನ್ನ ಕೈ ಚೆನ್ನಾಗಿದೆ. ಕೆಟ್ಟಿದೆ ಅಂತ ಗೊತ್ತಿದ್ದೂ ನಿನ್ನ ಸೆರಗಿಗೆ ಹಾಕಿದವಳು ನಾನು. ಆ ಹುಳ ಮೂರನೇ ಸ್ಟ್ಯಾಂಡಿನದು, ನಮ್ಮಲ್ಲೇ ಕೆಟ್ಟದ್ದು.